ಅಜ್ಜನ ಮಂಚ, ಮೊಮ್ಮಗುವಿನ ಕೋಣೆ

ನಮ್ಮ ಕಾಸರಗೋಡು ಸೀಮೆಯ ಹಳೆಯ ಮನೆಗಳಲ್ಲಿ ಮರಕ್ಕೆ ಬಡತನವಿರಲಿಲ್ಲ. ಹಿತ್ತಿಲಿನ ಹಲಸಿಗೆ ಮುಪ್ಪಡರಿದರೆ ಅದು ಆಚಾರಿಯ ಕೈ ಸೇರಿ ಮಂಚವಾಗುತ್ತಿತ್ತು, ಪೆಟ್ಟಿಗೆಯಾಗುತ್ತಿತ್ತು, ಭತ್ತ ತುಂಬುವ ಪತ್ತಾಯವಾಗುತ್ತಿತ್ತು. ತುಸು ಅನುಕೂಲವಂತರ ಮನೆಗಳಲ್ಲಿ ಬೀಟಿಯ ಕಪಾಟು, ತೇಗದ ಮೇಜು ಇರುತ್ತಿದ್ದುವು. ಕಾಲ ಸರಿದು, ಕೂಡುಕುಟುಂಬಗಳು ಪಾಲಾಗಿ, ಹಂಚಿನ ಮನೆಗಳಿದ್ದಲ್ಲಿ ತಾರಸಿಯ ಮನೆಗಳೆದ್ದ ಮೇಲೆ ಈ ಸಾಮಾನುಗಳಿಗೆ ಎರಡೇ ಗತಿಗಳು ಉಳಿದಂತೆ ತೋರುತ್ತದೆ. ಹಳೆಯ ವಸ್ತುಗಳ ವ್ಯಾಪಾರಿಯ ಕೈಸೇರಿ ದೂರದ ಯಾವುದೋ ವಿಹಾರಧಾಮದ ಹಜಾರವನ್ನು ಅಲಂಕರಿಸುವುದು ಒಂದು. ಅಟ್ಟದ ಕತ್ತಲೆಯಲ್ಲಿ ಗೆದ್ದಲಿಗೆ ಆಹಾರವಾಗುವುದು ಇನ್ನೊಂದು. ಅದೇ ಹೊತ್ತಿಗೆ ಮಗುವಿನ ಕೋಣೆಗೆಂದು ಪೇಟೆಯಿಂದ ಬಣ್ಣಬಣ್ಣದ ಹೊಸ ಮಂಚ ಕಪಾಟುಗಳು ಬರುತ್ತವೆ. ಮರದ ಹುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಆ ಹಲಗೆಗಳು ನೀರು ತಗುಲಿದರೆ ಉಬ್ಬುತ್ತವೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ನಾಡಿನಲ್ಲಿ ಅವುಗಳ ಆಯುಷ್ಯವೆಷ್ಟೆಂಬುದನ್ನು ವಾಚಕರೇ ಊಹಿಸಬಲ್ಲರು.

ಈ ಎರಡು ಗತಿಗಳಲ್ಲದೆ ಮೂರನೆಯದೊಂದು ದಾರಿಯೂ ಇದೆ. ಹಳೆಯ ಮಂಚವನ್ನೂ ಪೆಟ್ಟಿಗೆಯನ್ನೂ ಮಗುವಿನ ಮಲಗುವ ಕೋಣೆಗೇ ತಂದು, ಆ ಮಗುವಿನ ಅಭಿರುಚಿಗೆ ಹೊಂದುವಂತೆ ಅವನ್ನು ಅಳವಡಿಸಿಕೊಳ್ಳುವುದೇ ಆ ದಾರಿ. ಕೇಳಲು ಸುಲಭವೆನಿಸುವ ಈ ಕಾರ್ಯದಲ್ಲಿ ಎರಡು ಋಣಗಳನ್ನು ಏಕಕಾಲಕ್ಕೆ ತೀರಿಸಬೇಕಾಗುತ್ತದೆ. ಮರವು ಮನೆತನದ್ದು, ಆಸಕ್ತಿಯು ಮಗುವಿನದು. ಮರವನ್ನು ಉಳಿಸುವ ಭರದಲ್ಲಿ ಮಗುವನ್ನು ಮರೆತರೆ ಕೋಣೆಯು ವಸ್ತುಸಂಗ್ರಹಾಲಯವಾಗುತ್ತದೆ. ಮಗುವನ್ನು ಮೆಚ್ಚಿಸುವ ಭರದಲ್ಲಿ ಮರಕ್ಕೆ ಬಣ್ಣ ಬಳಿದರೆ ತಲೆಮಾರುಗಳಿಂದ ಬಾಳಿದ ವಸ್ತುವೊಂದು ಎರಡು ವರ್ಷದ ಹುಚ್ಚಿಗೆ ಬಲಿಯಾಗುತ್ತದೆ.

ಆಸಕ್ತಿ ಯಾರದು?

ಮಕ್ಕಳ ಕೋಣೆಯನ್ನು ಸಿಂಗರಿಸ ಹೊರಡುವ ತಂದೆತಾಯಂದಿರು ಎಷ್ಟೋ ಬಾರಿ ಸಿಂಗರಿಸುವುದು ತಮ್ಮ ಆಸೆಗಳನ್ನೇ. ಗಂಡುಮಗುವಾದರೆ ನೀಲಿ, ಹೆಣ್ಣುಮಗುವಾದರೆ ಗುಲಾಬಿ. ಮಗ ವೈದ್ಯನಾಗಬೇಕೆಂಬ ಹಂಬಲವಿದ್ದರೆ ಗೋಡೆಯ ಮೇಲೆ ಅಸ್ಥಿಪಂಜರದ ಪಟ! ಇದರಲ್ಲಿ ಮಗುವಿನ ಪಾಲು ಎಷ್ಟು?

1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಮಾರಿಯಾ ಮಾಂಟೆಸ್ಸರಿಯವರು ತಮ್ಮ ಮೊದಲ ‘ಮಕ್ಕಳ ಮನೆ’ಯನ್ನು ತೆರೆದರು. ಮಗುವೇ ಎತ್ತಿ ಸರಿಸಬಲ್ಲ ಹಗುರವಾದ ಕುರ್ಚಿ, ಅದರ ಕೈಗೆಟಕುವ ತಗ್ಗಿನ ಕಪಾಟು ಇವೆಲ್ಲ ಅವರ ಶಿಕ್ಷಣಪದ್ಧತಿಯ ಅಂಗಗಳೇ ಆದುವು. 1939ರಲ್ಲಿ ಅವರು ಮದರಾಸಿನ ಅಡ್ಯಾರಿಗೆ ಬಂದರು. ಮಹಾಯುದ್ಧದ ಕಾರಣ 1946ರವರೆಗೂ ಭಾರತದಲ್ಲಿ ಉಳಿದು ನೂರಾರು ಅಧ್ಯಾಪಕರಿಗೆ ತರಬೇತಿಯನ್ನಿತ್ತರು. ನಮಗೆ ನೆರೆಯದಾದ ಪುತ್ತೂರಿನ ಬಾಲವನದಲ್ಲಿ ಡಾ. ಶಿವರಾಮ ಕಾರಂತರು (1902–1997) ಆಟ, ನಾಟಕ, ಪ್ರಕೃತಿಯ ಒಡನಾಟಗಳ ಮೂಲಕ ಮಕ್ಕಳ ಮನಸ್ಸನ್ನು ಅರಳಿಸಲು ಯತ್ನಿಸಿದುದನ್ನು ಬಲ್ಲವರು ಅನೇಕರು. ಇಬ್ಬರ ಮಾರ್ಗಗಳು ಬೇರೆಯಾದರೂ ಎರಡರಿಂದಲೂ ನಾವು ಕಲಿಯಬಹುದಾದ ಪಾಠವೊಂದಿದೆ. ಮೊದಲು ಮಗುವನ್ನು ನೋಡಬೇಕು. ವಸ್ತುವನ್ನು ಅದಕ್ಕೆ ತಕ್ಕಂತೆ ಒಗ್ಗಿಸಬೇಕು.

ಆದುದರಿಂದ ಆಚಾರಿಗೆ ಹೇಳಿಕಳುಹಿಸುವ ಮುನ್ನ ಹದಿನೈದು ದಿನ ಮಗುವನ್ನು ಸುಮ್ಮನೆ ಗಮನಿಸಿರಿ. ಅದರ ಚಡ್ಡಿಯ ಜೇಬಿನಲ್ಲಿ ದೊರೆಯುವುದು ಕಪ್ಪೆಚಿಪ್ಪೋ, ಹಕ್ಕಿಯ ಗರಿಯೋ, ಹಳೆಯ ರೈಲು ಟಿಕೇಟೋ? ರಾತ್ರಿ ಮಲಗುವಾಗ ಅದು ಕೇಳುವ ಪ್ರಶ್ನೆ ಯಾವುದರ ಬಗೆಗೆ? ಉತ್ತರ ಅಲ್ಲಿದೆ. ಆ ಉತ್ತರ ಶಾಶ್ವತವಲ್ಲವೆಂಬುದನ್ನೂ ನೆನಪಿಡಬೇಕು. ಆರನೆಯ ವಯಸ್ಸಿನಲ್ಲಿ ರೈಲಿನ ಹಿಂದೆ ಓಡಿದ ಬಾಲಕ ಒಂಬತ್ತರಲ್ಲಿ ನಕ್ಷತ್ರಗಳನ್ನು ಎಣಿಸುತ್ತಾನೆ. ಹನ್ನೆರಡರಲ್ಲಿ ಅವನಿಗೆ ಎರಡೂ ಬೇಡವಾಗಬಹುದು. ಹೀಗಿರುವಲ್ಲಿ ನಾವು ಅನುಸರಿಸತಕ್ಕ ಸೂತ್ರ ಒಂದೇ: ಸೇರಿಸಿರಿ, ಅಳಿಸದಿರಿ. ಇಂದು ಕಟ್ಟಿದುದನ್ನು ನಾಳೆ ಬಿಚ್ಚುವಂತಿರಬೇಕು. ಬಟ್ಟೆ, ದಾರ, ರಟ್ಟು, ತೂಗುಹಾಕುವ ಹಲಗೆ ಇವು ನಮ್ಮ ಸಾಧನಗಳಾಗಲಿ; ಉಳಿ, ಗರಗಸ, ಬಣ್ಣದ ಡಬ್ಬಗಳು ಕೊನೆಯ ಆಯ್ಕೆಯಾಗಲಿ.

ಮೊದಲು ಪರೀಕ್ಷೆ, ಆಮೇಲೆ ಅಲಂಕಾರ

ಹಿರಿಯರು ಬಳಸಿದ ವಸ್ತುವೆಂದ ಮಾತ್ರಕ್ಕೆ ಅದು ಮಗುವಿಗೆ ನಿರಪಾಯಕರವೆಂದು ಭಾವಿಸಲಾಗದು. ಮೊತ್ತಮೊದಲು ಶಂಕಿಸಬೇಕಾದುದು ಹಳೆಯ ಬಣ್ಣವನ್ನು. ಹಿಂದಿನ ಎಣ್ಣೆಬಣ್ಣಗಳಲ್ಲಿ ಸೀಸದ ಸಂಯುಕ್ತಗಳನ್ನು ಧಾರಾಳವಾಗಿ ಬೆರೆಸುತ್ತಿದ್ದರು. ಸೀಸದ ಇಂತಿಷ್ಟು ಪ್ರಮಾಣ ಸುರಕ್ಷಿತವೆಂದು ಹೇಳುವಂತಿಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ಶರೀರವು ದೊಡ್ಡವರ ಶರೀರಕ್ಕಿಂತ ನಾಲ್ಕೈದು ಪಾಲು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಬೆಳೆಯುವ ಮಿದುಳಿಗೆ ಅದರಿಂದಾಗುವ ಹಾನಿ ಮರಳಿ ಸರಿಹೋಗುವಂಥದಲ್ಲ. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷದಲ್ಲಿ 90 ಭಾಗಗಳನ್ನು ಮೀರಕೂಡದೆಂಬ ನಿಯಮವನ್ನು ಕೇಂದ್ರ ಸರಕಾರ 2016ರಲ್ಲಿ ಹೊರಡಿಸಿತು. ಅದು ಜಾರಿಗೆ ಬಂದುದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದೆ ಬಳಿದ ಬಣ್ಣವನ್ನೆಲ್ಲ ಸಂದೇಹದಿಂದ ಕಾಣುವುದೇ ವಿವೇಕ.

ಇಂತಹ ಬಣ್ಣವನ್ನು ಒಣದಾಗಿ ಕೆರೆಯುವುದಾಗಲಿ, ಬೆಂಕಿಯಿಂದ ಸುಟ್ಟು ತೆಗೆಯುವುದಾಗಲಿ ಸರ್ವಥಾ ಕೂಡದು. ಧೂಳೂ ಹೊಗೆಯೂ ಬಣ್ಣಕ್ಕಿಂತ ಅಪಾಯಕರ. ಬಣ್ಣ ಭದ್ರವಾಗಿ ಕಚ್ಚಿಕೊಂಡಿದ್ದರೆ ಒದ್ದೆಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಹೊಸ ಲೇಪದಿಂದ ಮುಚ್ಚಿಬಿಡಬಹುದು. ಚಕ್ಕೆಚಕ್ಕೆಯಾಗಿ ಏಳುತ್ತಿದ್ದರೆ ಬಲ್ಲ ಕೆಲಸಗಾರನಿಂದ, ಮನೆಯ ಹೊರಗೆ, ನೀರು ಸಿಂಪಡಿಸುತ್ತ ಉಜ್ಜಿಸಿ ತೆಗೆಸಬೇಕು. ಆ ಕೆಲಸ ನಡೆಯುವಾಗ ಮಕ್ಕಳೂ ಗರ್ಭಿಣಿಯರೂ ಹತ್ತಿರ ಸುಳಿಯಬಾರದು. ಹಲ್ಲು ಮೂಡುವ ವಯಸ್ಸಿನ ಮಗು ಮಂಚದ ಕಂಬಿಯನ್ನು ಕಚ್ಚುವುದು ಸಹಜವಾದುದರಿಂದ, ಅಂಥ ಮಗುವಿರುವ ಕೋಣೆಗೆ ಹಳೆಯ ಬಣ್ಣದ ಮಂಚವನ್ನು ತಾರದಿರುವುದೇ ಲೇಸು.

ಎರಡನೆಯದಾಗಿ, ಪೆಟ್ಟಿಗೆ. ಹಲಸಿನ ಹಲಗೆಯ ಮುಚ್ಚಳದ ಭಾರ ಎತ್ತಿದವರಿಗೆ ಗೊತ್ತು. ಅದು ಜಾರಿ ಬಿದ್ದರೆ ಎಳೆಯ ಬೆರಳುಗಳ ಗತಿಯೇನು? ಕಣ್ಣುಮುಚ್ಚಾಲೆಯಾಡುತ್ತ ಒಳಗೆ ಅಡಗಿದ ಮಗುವಿನ ಮೇಲೆ ಚಿಲಕ ತಾನೇ ಬಿದ್ದುಕೊಂಡರೆ ಉಸಿರಿಗೇ ಸಂಚಕಾರ. ಆದುದರಿಂದ ಮೊದಲು ಚಿಲಕವನ್ನು ಕಳಚಿಡಿರಿ. ಮುಚ್ಚಳವು ತೆರೆದಲ್ಲೇ ನಿಲ್ಲುವಂತೆ ಆಧಾರಪಟ್ಟಿಯೊಂದನ್ನು ಹಾಕಿಸಿರಿ. ಅಂಚಿಗೆ ಎರಡು ಸಣ್ಣ ಮರದ ತುಂಡುಗಳನ್ನು ಅಂಟಿಸಿದರೆ ಮುಚ್ಚಿದಾಗಲೂ ಬೆರಳಗಲ ಸಂದು ಉಳಿದು ಗಾಳಿಯಾಡುತ್ತದೆ.

ಮೂರನೆಯದು ಕಪಾಟು. ಕೆಳಗಿನ ಖಾನೆಗಳನ್ನು ಏಣಿಯ ಮೆಟ್ಟಿಲಾಗಿ ಮಾಡಿಕೊಳ್ಳದ ಮಗುವಿಲ್ಲ. ಎತ್ತರದ ಕಪಾಟಿನ ಹಿಂಬದಿಯ ಮೇಲಂಚನ್ನು ಕಬ್ಬಿಣದ ಮೂಲೆಪಟ್ಟಿಯಿಂದ ಗೋಡೆಗೆ ಬಿಗಿಯಲೇಬೇಕು. ಭಾರದ ಸಾಮಾನುಗಳು ಕೆಳಗಿನ ಖಾನೆಯಲ್ಲಿರಲಿ. ಹಳೆಯ ನಿಲುವುಗನ್ನಡಿ ಒಡೆದರೆ ಕತ್ತಿಯಂಥ ಚೂರುಗಳಾಗುವುದರಿಂದ ಅದನ್ನು ದೊಡ್ಡವರ ಕೋಣೆಗೆ ಸಾಗಿಸಿರಿ. ಹಸುಗೂಸಿಗೆ ಹಳೆಯ ಕಂಬಿಯ ತೊಟ್ಟಿಲನ್ನು ಬಳಸುವವರು ಕಂಬಿಗಳ ನಡುವಣ ಅಂತರವನ್ನು ಅಳೆದು ನೋಡಬೇಕು. ಅದು ಆರು ಸೆಂಟಿಮೀಟರನ್ನು ಮೀರಿದರೆ ಮಗುವಿನ ಮೈ ನುಸುಳಿ ತಲೆ ಸಿಕ್ಕಿಕೊಳ್ಳುವ ಭಯವಿದೆ.

ಕೊನೆಗೆ ಹುಳು. ಮಂಚದ ಕೆಳಗೆ ಹಿಟ್ಟಿನಂಥ ಹುಡಿ ಹೊಸದಾಗಿ ಉದುರುತ್ತಿದ್ದರೆ ಮರಕೊರಕ ಇನ್ನೂ ಒಳಗಿದೆಯೆಂದೇ ಅರ್ಥ. ಸಾಮಾನ್ಯವಾಗಿ ಅದು ತಿನ್ನುವುದು ಹೊರಗಿನ ಬಿಳಿಮರವನ್ನು. ಒಳಗಿನ ಕಾವು ಗಟ್ಟಿಯಾಗಿದ್ದರೆ ಆ ಭಾಗವನ್ನಷ್ಟೇ ಬದಲಾಯಿಸಿದರೆ ಸಾಕು. ನಮ್ಮ ಕಡೆ ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಸವರುವ ರೂಢಿಯುಂಟು. ತೊಲೆ ಪಕಾಸಿಗೆ ಅದು ಸಲ್ಲಬಹುದು; ಚರ್ಮವನ್ನು ಸುಡುವ ಗುಣವುಳ್ಳ ಆ ಎಣ್ಣೆಯನ್ನು ಮಗು ಮುಟ್ಟುವ ವಸ್ತುವಿಗೆ ಹಚ್ಚಬಾರದು.

ಮರಕ್ಕೆ ಮರುಜೀವ

ಬಣ್ಣ ಬಳಿಯದ ಹಲಸು, ತೇಗ, ಬೀಟಿಗಳಿಗೆ ಬಣ್ಣದ ಅಗತ್ಯವೇ ಇಲ್ಲ. ಕಡಿದ ಹೊಸತರಲ್ಲಿ ಹಳದಿಯಾಗಿರುವ ಹಲಸು ವರ್ಷಗಳು ಉರುಳಿದಂತೆ ಬೆಳಕುಂಡು ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಆ ವರ್ಣವನ್ನು ಯಾವ ಡಬ್ಬವೂ ಕೊಡಲಾರದು. ಸಾಬೂನಿನ ತಿಳಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಆರಿಸಿ, ಬಳಿಕ ಹೊಳಪು ಕೊಟ್ಟರೆ ಸಾಕು. ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ಮಾಡುವ ಹಳೆಯ ಪಾಲಿಷು ಇಂದಿಗೂ ಉತ್ತಮವಾದುದು. ಕೀಟವೊಂದು ಸ್ರವಿಸುವ ಈ ಅರಗು ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವ ಅದೇ ವಸ್ತು. ಸ್ಪಿರಿಟು ಹಾರಿಹೋಗಿ ಲೇಪ ಪೂರ್ಣವಾಗಿ ಒಣಗಿದ ಮೇಲೆ ಮಗುವಿಗೆ ಅದರಿಂದ ಭಯವಿಲ್ಲ. ಆದರೆ ಮಳೆಗಾಲದ ತೇವದಲ್ಲಿ ಹಚ್ಚಿದ ಅರಗಿನ ಪಾಲಿಷು ಬೆಳ್ಳಗೆ ಮಸುಕಾಗುತ್ತದೆ. ದಶಂಬರದಿಂದ ಎಪ್ರಿಲ್‌ವರೆಗೆ ಈ ಕೆಲಸಕ್ಕೆ ಪ್ರಶಸ್ತ ಕಾಲ.

ಅಗಸೆ ಎಣ್ಣೆಯನ್ನು ಬಳಸುವವರಿಗೆ ಒಂದು ಎಚ್ಚರಿಕೆಯ ಮಾತು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆದರೆ, ಎಣ್ಣೆ ಒಣಗುವಾಗ ಹುಟ್ಟುವ ಕಾವಿನಿಂದಲೇ ಅದು ಹೊತ್ತಿಕೊಳ್ಳುವುದುಂಟು. ಅದನ್ನು ಹೊರಗೆ ಬಿಡಿಸಿ ಹರಡಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ಮುಳುಗಿಸಿಡಬೇಕು.

ಮೇಜಿನ ಖಾನೆಗಳು ಆಟಿಯಲ್ಲಿ ಸಿಕ್ಕಿಕೊಂಡವೆಂದು ಕೂಡಲೇ ಕೀಸಿಸಲು ಹೋಗಬೇಡಿರಿ. ಮರವು ತೇವ ಕುಡಿದು ಉಬ್ಬಿರುತ್ತದೆ. ಆಗ ಕೀಸಿದರೆ ಬೇಸಗೆಯಲ್ಲಿ ಖಾನೆ ಲೊಡಲೊಡ ಸಡಿಲವಾಗುತ್ತದೆ. ಜಾರುವ ಅಂಚುಗಳಿಗೆ ಮೇಣದ ಬತ್ತಿಯನ್ನು ತಿಕ್ಕಿ ನೋಡಿರಿ. ಈ ಕೆಲಸವನ್ನು ಮಗುವಿಗೇ ವಹಿಸಬಹುದು. ತನ್ನ ಮೇಜನ್ನು ತಾನೇ ಸರಿಪಡಿಸಿದ ಹೆಮ್ಮೆ ಅದಕ್ಕೆ ದೊರೆಯುತ್ತದೆ.

ಒಂದೊಂದು ಮಗುವಿಗೆ ಒಂದೊಂದು ಬಗೆ

ಇನ್ನು ಮಗುವಿನ ಅಭಿರುಚಿಯ ಮಾತಿಗೆ ಬರೋಣ. ಯಕ್ಷಗಾನದ ಗೀಳು ಹತ್ತಿದ ಬಾಲಕನೊಬ್ಬನಿದ್ದಾನೆಂದು ಭಾವಿಸಿರಿ. ಪಾರ್ತಿಸುಬ್ಬನನ್ನಿತ್ತ ಕುಂಬಳೆಯ ಸೀಮೆಯಲ್ಲಿ ಅಂಥವರಿಗೆ ಕೊರತೆಯಿಲ್ಲ. ಸೊಳ್ಳೆಪರದೆ ಕಟ್ಟುವ ನಾಲ್ಕು ಕಂಬಗಳ ಹಳೆಯ ಮಂಚ ಅವನಿಗೆ ದೇವರು ಕೊಟ್ಟ ವರ. ಮುಂದಿನ ಎರಡು ಕಂಬಗಳ ನಡುವೆ ಹಳೆಯ ಸೀರೆಯ ತುಂಡೊಂದನ್ನು ಅಡ್ಡಲಾಗಿ ಕಟ್ಟಿದರೆ ತೆರೆ ಸಿದ್ಧ. ಅದರ ಮುಂದಣ ನೆಲವೇ ರಂಗಸ್ಥಳ. ಮುತ್ತಜ್ಜಿಯ ಮರದ ಪೆಟ್ಟಿಗೆ ಚೌಕಿಯ ಪೆಟ್ಟಿಗೆಯಾಗಿ ಕಿರೀಟ, ಗೆಜ್ಜೆ, ರಟ್ಟಿನ ಗದೆಗಳನ್ನು ಹೊತ್ತುಕೊಳ್ಳುತ್ತದೆ. ಎತ್ತರದ ಮಂಚಕ್ಕೆ ಹತ್ತಲು ಇಟ್ಟ ಮೆಟ್ಟುಮಣೆ ಹಗಲಲ್ಲಿ ಅವನ ‘ರಥ’. ಇಷ್ಟೆಲ್ಲ ಆದರೂ ಮರಕ್ಕೆ ಒಂದು ಮೊಳೆಯೂ ತಾಗಲಿಲ್ಲ. ಮಂಚ ಎತ್ತರವಾಯಿತೆಂದು ಅದರ ಕಾಲುಗಳನ್ನು ಕೊಯ್ಯಿಸುವವರು ಈ ಮೆಟ್ಟುಮಣೆಯನ್ನು ನೆನಪಿಡಬೇಕು. ಮಗು ಬೆಳೆಯುತ್ತದೆ, ಕೊಯ್ದ ಕಾಲು ಬೆಳೆಯುವುದಿಲ್ಲ.

ರೈಲಿನ ಹುಚ್ಚಿರುವ ಹುಡುಗಿಗೆ ನಾಲ್ಕು ಖಾನೆಗಳ ಕಪಾಟು ಸಾಕು. ಹಳದಿ ರಟ್ಟಿನ ಮೇಲೆ ಕಪ್ಪಕ್ಷರದಲ್ಲಿ ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಎಂದು ಬರೆದು ಒಂದೊಂದು ಹಿಡಿಗೆ ಒಂದೊಂದನ್ನು ತೂಗಿಸಿರಿ. ಶಾಲೆಯ ಸಮವಸ್ತ್ರ ಕುಂಬಳೆಯಲ್ಲಿ ಇಳಿಯುತ್ತದೆ, ಕಾಲುಚೀಲ ಉಪ್ಪಳದಲ್ಲಿ. ‘ಬಟ್ಟೆ ಮಡಚಿಡು’ ಎಂದು ಹತ್ತು ಸಲ ಗದರಿಸಿದರೂ ಆಗದ ಕೆಲಸ ಒಂದು ರಟ್ಟಿನಿಂದ ಆದರೆ ಅಚ್ಚರಿಪಡಬೇಕಾಗಿಲ್ಲ.

ಆಕಾಶದಲ್ಲಿ ಆಸಕ್ತಿಯುಳ್ಳ ಮಗುವಿಗಾಗಿ ಅದೇ ನಾಲ್ಕು ಕಂಬಗಳ ಮೇಲೆ ಕಡುನೀಲಿ ಬಟ್ಟೆಯ ಮೇಲ್ಕಟ್ಟನ್ನು ಹರಡಬಹುದು. ಬೆಳ್ಳಿದಾರದಿಂದ ಸಪ್ತರ್ಷಿಮಂಡಲ, ಮಹಾವ್ಯಾಧ, ಕೃತ್ತಿಕೆಗಳನ್ನು ಅವುಗಳ ನಿಜವಾದ ಆಕಾರದಲ್ಲೇ ಹೊಲಿಯಲಿ. ಅಂಗಡಿಯ ಅಚ್ಚಿನ ನಕ್ಷತ್ರಗಳಿಂದ ಆಕಾಶವನ್ನು ಕಲಿಯಲಾಗದು. ಚಿತ್ರ ಬರೆಯುವ ಮಗುವಿಗೆ ಅಜ್ಜನು ಚಾಪೆಯ ಮೇಲೆ ಕುಳಿತು ಲೆಕ್ಕ ಬರೆಯುತ್ತಿದ್ದ ಇಳಿಜಾರು ಡೆಸ್ಕಿಗಿಂತ ಮಿಗಿಲಾದ ಸಾಧನವಿಲ್ಲ. ಕಾಗದ ಕಣ್ಣಿನತ್ತ ಬಾಗಿರುವುದರಿಂದ ಕತ್ತು ಬೆನ್ನು ಹೆಚ್ಚು ಬಾಗುವುದು ತಪ್ಪುತ್ತದೆ. ಮುಚ್ಚಳವೆತ್ತಿದರೆ ಬಣ್ಣ ಕುಂಚಗಳಿಗೆ ಜಾಗವೂ ಉಂಟು. ತೀರ ಎಳೆಯ ಮಕ್ಕಳಿರುವಲ್ಲಿ ಮಾತ್ರ ಮಂಚದ ಬಳಿ ಉದ್ದವಾದ ದಾರ, ನಾಡ, ಪರದೆಯ ಹಗ್ಗಗಳು ಕುತ್ತಿಗೆಗೆ ಸುತ್ತುವಂತೆ ಜೋತಾಡಬಾರದು.

ಗಡಿಯ ಮಕ್ಕಳಿಗೆ

ನಮ್ಮ ಮಕ್ಕಳ ಸ್ಥಿತಿಯಲ್ಲಿ ಇನ್ನೊಂದು ವಿಶೇಷವುಂಟು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿಯ ಕನ್ನಡ ಮನೆಗಳ ಮಕ್ಕಳು ಒಂದು ಭಾಷೆಯಲ್ಲಿ ಮಲಗಿ ಇನ್ನೊಂದರಲ್ಲಿ ಏಳುತ್ತ ಬಂದಿದ್ದಾರೆ. ಶಾಲೆಯ ಮಾತು ಒಂದು, ಬೀದಿಯ ಮಾತು ಇನ್ನೊಂದು, ಅಜ್ಜಿಯ ಮಾತು ಮತ್ತೊಂದು. ಆದುದರಿಂದ ಮಗುವಿನ ಕೋಣೆಯ ತುಂಬ ಕನ್ನಡದ ವರ್ಣಮಾಲೆಯನ್ನೇ ಬರೆಸಬೇಕೆಂಬ ಕಳಕಳಿ ಅನೇಕ ತಂದೆತಾಯಂದಿರಲ್ಲಿ ಹುಟ್ಟುವುದು ಸ್ವಾಭಾವಿಕ. ಆದರೆ ಇಲ್ಲಿಯೂ ಆ ಹಿಂದಿನ ಪ್ರಶ್ನೆಯನ್ನೇ ಕೇಳಿಕೊಳ್ಳಬೇಕು: ಈ ಆಸಕ್ತಿ ಯಾರದು? ಮಂಚದ ತಲೆಹಲಗೆಯ ಮೇಲೆ ಕೊರೆಸಿದ ಅಕ್ಷರಗಳು ಮಗುವಿನ ಕಣ್ಣಿಗೆ ಶಾಲೆಯ ಕರಿಹಲಗೆಯ ಮುಂದುವರಿಕೆಯಾಗಿ ಕಂಡರೆ ನಮ್ಮ ಉದ್ದೇಶ ಕೈಗೂಡಲಿಲ್ಲ.

ಭಾಷೆಯು ಮಗುವಿನ ಪ್ರೀತಿಯ ಬಾಗಿಲಿನಿಂದಲೇ ಒಳಗೆ ಬರಲಿ. ಹಕ್ಕಿಗಳನ್ನು ಮೆಚ್ಚುವ ಮಗು ತಾನು ಕಂಡ ಹಕ್ಕಿಯ ಚಿತ್ರವನ್ನು ಬರೆದು ಕಪಾಟಿನ ಬಾಗಿಲಿನ ಒಳಮೈಗೆ ಅಂಟಿಸಲಿ. ಕೆಳಗೆ ಅದರ ಹೆಸರನ್ನು ಮನೆಯವರೆಲ್ಲ ಸೇರಿ ತುಂಬಲಿ. ಕನ್ನಡದ ಕಾಗೆ, ತುಳುವಿನ ಕಕ್ಕೆ, ಮಲಯಾಳದ ಕಾಕ್ಕ – ಮೂರನ್ನೂ ಒಂದರ ಕೆಳಗೊಂದು ಬರೆದಾಗ ಅವು ಒಂದೇ ಗೂಡಿನ ಮರಿಗಳೆಂದು ಮಗುವಿಗೆ ತಾನಾಗಿ ಹೊಳೆಯುತ್ತದೆ. ಸಪ್ತಭಾಷೆಗಳ ಸಂಗಮಭೂಮಿಯೆಂದು ನಾವು ಹೆಮ್ಮೆಯಿಂದ ಹೇಳುವ ಮಾತಿಗೆ ಇದಕ್ಕಿಂತ ಸರಳವಾದ ಪಾಠ ಬೇಕೆ? ಕನ್ನಡದ ಹೆಸರು ಮೊದಲನೆಯ ಸಾಲಿನಲ್ಲಿರಲಿ. ಅದು ಹೇರಿಕೆಯಾಗದೆ ಮನೆಯ ಮಾತಾಗಿ ಉಳಿಯುತ್ತದೆ.

ಆ ಬಾಗಿಲಿನ ಅಂಚಿನಲ್ಲೇ ವರ್ಷಕ್ಕೊಮ್ಮೆ, ಹುಟ್ಟುಹಬ್ಬದ ದಿನ, ಮಗುವಿನ ಎತ್ತರವನ್ನು ಪೆನ್ಸಿಲಿನಿಂದ ಗುರುತಿಸಿ ದಿನಾಂಕ ಬರೆಯಿರಿ. ಹಾಗೆಯೇ ಅತಿ ಕೆಳಗಿನ ಖಾನೆಯ ತಳದಲ್ಲಿ ಒಂದು ಕಾಗದವಿರಲಿ. ಈ ಮಂಚ ಯಾವ ಮರದ್ದು, ಆ ಮರ ಹಿತ್ತಿಲಿನ ಯಾವ ಮೂಲೆಯಲ್ಲಿತ್ತು, ಕೆತ್ತಿದ ಆಚಾರಿ ಯಾರು, ಇದರ ಮೇಲೆ ಯಾರು ಯಾರು ಮಲಗಿದ್ದರು – ಇವನ್ನೆಲ್ಲ ಬಲ್ಲ ಹಿರಿಯರು ಬದುಕಿರುವಾಗಲೇ ಅವರಿಂದ ಕೇಳಿ, ಮಗುವಿನ ಕೈಯಿಂದಲೇ ಬರೆಯಿಸಿರಿ. ವ್ಯಾಪಾರಿಯ ಲೆಕ್ಕದಲ್ಲಿ ಮಂಚಕ್ಕೆ ಮರದ ಬೆಲೆ, ಕೆತ್ತನೆಯ ಬೆಲೆ ಮಾತ್ರ ಇರುತ್ತದೆ. ಈ ಕಾಗದದ ಬೆಲೆಯನ್ನು ಅವನು ಕಟ್ಟಲಾರ. ಕಥೆಯಿಲ್ಲದ ಮಂಚವನ್ನು ಮುಂದಿನ ತಲೆಮಾರು ಮಾರಿಬಿಡುವುದು ಸುಲಭ. ತನ್ನ ಬಾಲ್ಯದ ಬರಹವನ್ನು ಹೊತ್ತ ಮಂಚವನ್ನು ಮಾರುವುದು ಅಷ್ಟು ಸುಲಭವಲ್ಲ.

ಮಗುವಿನ ಕೋಣೆಯಲ್ಲಿ ತೆರೆ ಬದಲಾಗಲಿ, ಮೇಲ್ಕಟ್ಟಿನ ನಕ್ಷತ್ರಗಳು ಬದಲಾಗಲಿ, ಖಾನೆಗಳ ಊರುಗಳು ಬದಲಾಗಲಿ. ಅವುಗಳ ಕೆಳಗೆ ಹಿತ್ತಿಲಿನ ಹಲಸು ಗಟ್ಟಿಯಾಗಿ ನಿಂತಿರಲಿ. ಮುಂದೆ ಆ ಮಗುವಿಗೂ ಮಗುವೊಂದು ಹುಟ್ಟಿ, ಅದಕ್ಕೆ ಇನ್ನಾವುದರಲ್ಲೋ ಆಸಕ್ತಿ ಮೂಡಿದಾಗ, ಮಂಚ ಅದಕ್ಕೂ ಸಿದ್ಧವಾಗಿರುತ್ತದೆ.